ಫಾರ್ಮಿನಲ್ಲಿ ಇಲ್ಲದ ವಯಸ್ಸು

ತಾಂಬರವಾಡಿ
೧೨ ಜೂನ್ ೨೦೨೩

ಪ್ರಿಯ ಅಂಗದ,

ಊಟದ ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಕಾಗದ ಸಿಕ್ಕಿತೆಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಕ್ಷೇಮ. ಆಯಿಗೆ ಮೊಣಕಾಲು ನೋವು. ಅದು ಹೊಸದೇನಲ್ಲ.

ಫೋನಿದ್ದೂ ಕಾಗದ ಯಾಕೆಂದು ಕೇಳುತ್ತೀ. ನಮ್ಮ ಮನೆಯ ಫೋನು ನಿನಗೆ ಗೊತ್ತೇ ಇದೆ. ನಿನ್ನ ಹೆಸರು ಕಂಡ ಕೂಡಲೇ ನಿನ್ನ ಅಣ್ಣ ಸ್ಪೀಕರ್ ಹಾಕುತ್ತಾರೆ. ಆಯಿ "ಊಟ ಆತೇನೋ ನನ್ನ ಫೌಜದಾರ?" ಅನ್ನುತ್ತಾಳೆ. ಗೋಡೆಯಾಚೆಯಿಂದ ಶಕುಂತಲಾಬಾಯಿ "ಸಾಹೇಬ್ರಿಗೆ ನಮ್ಮದೂ ನಮಸ್ಕಾರ ಹೇಳ್ರಿ" ಎಂದು ಕೂಗುತ್ತಾಳೆ. ಇಷ್ಟು ಜನರ ನಡುವೆ ನಾನೇನು ಕೇಳಲಿ, ನೀನೇನು ಹೇಳಲಿ? ನಿನ್ನೆ ನೀನು ಹನ್ನೊಂದು ಸಲ "ಹೂಂ" ಅಂದೆ. ನಾನು ಎಣಿಸಿದೆ. ಬೇರೆ ಮಾತು ಎರಡೇ: "ಊಟ ಆತು" ಮತ್ತು "ಇಡ್ತೀನಿ."

ನಿನ್ನ ಪಿ.ಎಸ್.ಐ. ನೇಮಕಾತಿಯ ಪತ್ರ ಕೋರ್ಟಿನ ತಡೆಯಲ್ಲಿದೆ, ಬರುವ ತನಕ ಸುಮ್ಮನೆ ಕೂರದೆ ನೀನು ಇನ್ನೊಂದು ಪರೀಕ್ಷೆಗೆ ಓದುತ್ತಿದ್ದೀ. ದಣಿವು ಇರುವುದೇ. ಆದರೆ ದಣಿದವನ "ಹೂಂ" ನನಗೆ ಗೊತ್ತು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ನೀನು ಐದನೆಯ ತರಗತಿ. ಹದಿನೇಳು ವರ್ಷದಿಂದ ಕೇಳುತ್ತಿದ್ದೇನೆ. ಇದು ಆ "ಹೂಂ" ಅಲ್ಲ.

ನಮ್ಮ ಆಶಾ ಕೆಲಸದಲ್ಲಿ ಒಂದು ಹೊಸ ತಮಾಷೆ ನಡೆದಿದೆ. ಮೂವತ್ತು ದಾಟಿದ ಪ್ರತಿಯೊಬ್ಬರದೂ ಒಂದು ಫಾರ್ಮು ತುಂಬಬೇಕು. ಬೀಡಿ, ತಂಬಾಕು, ಸೊಂಟದ ಅಳತೆ, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಎರಡು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿತೇ? ಮನಸ್ಸು ಕುಗ್ಗಿ, ಮುಂದೆ ದಾರಿಯಿಲ್ಲ ಅನ್ನಿಸಿತೇ? ಇಲ್ಲವೇ ಇಲ್ಲ ಅಂದರೆ ಸೊನ್ನೆ, ದಿನಾಲೂ ಅಂದರೆ ಮೂರು. ಗಂಗೂಬಾಯಿಗೆ ಕೇಳಿದೆ, "ಅಜ್ಜಿ, ಮನಸ್ಸಿಗೆ ಬ್ಯಾಸರಾ ಆಗ್ತದೇನು?" "ಆಗ್ತದವ್ವಾ, ನೀ ಈ ಕಾಗದಾ ತಗೊಂಡು ಬಂದಾಗೆಲ್ಲಾ ಆಗ್ತದ" ಅಂದಳು. ಅಂದಿನಿಂದ ನಾನು ಕೇಳುವುದನ್ನೇ ಬಿಟ್ಟೆ. ಮನೆಗೆ ಬಂದು ಎಲ್ಲರಿಗೂ ಸೊನ್ನೆ ಬರೆಯುತ್ತೇನೆ. ಇನ್ನೂರ ಹದಿನಾಲ್ಕು ಮನೆಗಳಲ್ಲಿ ಒಬ್ಬರಿಗೂ ದುಃಖವಿಲ್ಲ. ಸರಕಾರ ನಮ್ಮೂರಿಗೆ ಬಹುಮಾನ ಕೊಡಬೇಕು.

ಸಂಜೆ ಡಬ್ಬಿ ವಾಪಸು ಬರುವಾಗ ಅದರಲ್ಲಿ ಎರಡು ಸಾಲು ಇರಲಿ. ಡಬ್ಬಿ ತೊಳೆಯುವವಳು ನಾನೇ, ಬೇರೆ ಯಾರೂ ತೆಗೆಯುವುದಿಲ್ಲ.

ನಿನ್ನ ವೈನಿ,
ಸುವರ್ಣಾ


ಲಾತೂರ
೧೫ ಜೂನ್

ವೈನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಗು ಬಂತು. ಗಂಗೂಬಾಯಿಯನ್ನೇ ಫೌಜದಾರ ಮಾಡಬೇಕು.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಅಭ್ಯಾಸಿಕೆಗೆ, ಆ ಬಾಡಿಗೆಯ ಓದುವ ಕೋಣೆಗೆ, ಹೋಗಿ ಕೂರುತ್ತೇನೆ. ನೂರಿಪ್ಪತ್ತು ಖುರ್ಚಿ, ನನ್ನದು ನಲವತ್ತೊಂದನೆಯದು. ಮಾತಾಡುವಂತಿಲ್ಲ ಎಂಬ ಫಲಕ ಇದೆ. ಈ ಜಾಗ ನನಗೆ ಹೇಳಿ ಮಾಡಿಸಿದಂತಿದೆ. ಒಂಬತ್ತಕ್ಕೆ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಘೋಡಕೆಯಿಂದ ಡಬ್ಬಿ ತಗೊಳ್ಳುತ್ತೇನೆ. ಊಟ ಪೂರ್ತಿ ಮಾಡುತ್ತೇನೆ. ಮೊನ್ನೆಯ ಮೆಂತ್ಯ ಪಲ್ಯ ಬಹಳ ರುಚಿಯಾಗಿತ್ತು.

ನನಗೂ ಸೊನ್ನೆ ಬರೆದುಕೊಳ್ಳಿ.

ಅಂಗದ


ತಾಂಬರವಾಡಿ
೪ ಜುಲೈ

ಅಂಗದ,

ಮೂರು ವಾರ ಯೋಚಿಸಿ ಬರೆಯುತ್ತಿದ್ದೇನೆ. ಆ ಮೆಂತ್ಯ ಪಲ್ಯಕ್ಕೆ ಅವತ್ತು ನಾನು ಉಪ್ಪು ಹಾಕುವುದನ್ನೇ ಮರೆತಿದ್ದೆ. ಮನೆಯಲ್ಲಿ ಎಲ್ಲರೂ ಬೈದರು. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ತಟ್ಟೆ ಸರಿಸಿ ಏಳುತ್ತಿದ್ದವನು ನೀನು. ರುಚಿಯಾಗಿತ್ತು ಎಂದು ಬರೆದಿದ್ದೀ.

ಆಮೇಲೆ ಬೇಕೆಂದೇ ನೋಡಿದೆ. ಜೂನ್ ಇಪ್ಪತ್ತಕ್ಕೆ ಕಡಲೆಹಿಟ್ಟಿನ ಪಿಠಲೆಗೆ ಉಪ್ಪಿಲ್ಲ. ಇಪ್ಪತ್ತೇಳಕ್ಕೆ ಬೇಳೆಗೆ ಎರಡು ಪಾಲು ಉಪ್ಪು. ನಿನ್ನಿಂದ ಒಂದು ಮಾತಿಲ್ಲ. ಡಬ್ಬಿ ಮಾತ್ರ ಪ್ರತಿ ಸಂಜೆ ಖಾಲಿಯಾಗಿ, ತೊಳೆದು ಬರುತ್ತಿದೆ. ಹಾಗಾದರೆ ಅದನ್ನು ತಿನ್ನುವವರು ಯಾರು?

ಆಯಿ ಖಾಲಿ ಡಬ್ಬಿ ನೋಡಿ ಹಿಗ್ಗುತ್ತಾಳೆ. "ನೋಡಿದೇನ ಸುವರ್ಣಾ, ಅಗಳ ಬಿಟ್ಟಿಲ್ಲ ನನ್ನ ಕೂಸು." ನಾನು ಮಾತ್ರ ತೊಳೆದು ಬಂದ ಡಬ್ಬಿಯನ್ನು ಮತ್ತೊಮ್ಮೆ ತೊಳೆದಿಡುತ್ತೇನೆ. ನೀನು ಕೊನೆಯ ಸಲ ಊರಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಲಾತೂರಿನಿಂದ ಎರಡು ತಾಸಿನ ದಾರಿ. ಡಬ್ಬಿ ದಿನಾ ಬಂದು ಹೋಗುತ್ತದೆ, ನೀನು ಬರುವುದಿಲ್ಲ.

ಇನ್ನೊಂದು ವಿಷಯ. ಶಾಲೆಯ ಹೆಡ್‌ಮಾಸ್ತರರು ಮನೆಗೆ ಬಂದಿದ್ದರು. ಆಗಸ್ಟ್ ಹದಿನೈದಕ್ಕೆ ನೀನೇ ಮುಖ್ಯ ಅತಿಥಿ ಆಗಬೇಕಂತೆ. "ನಮ್ಮ ಊರಿಂದ ಮೊದಲನೇ ಫೌಜದಾರ, ಅಂವಾ ಬಿಟ್ಟು ಇನ್ಯಾರು?" ಅಂದರು. ನಿನ್ನ ಅಣ್ಣ ತಲೆಯಾಡಿಸಿ ಚಹಾ ಕೊಡಿಸಿದರು. ಎರಡು ವರ್ಷದ ಹಿಂದೆ ಪಟ್ಟಿಯಲ್ಲಿ ನಿನ್ನ ಹೆಸರು ಬಂದ ದಿನ ನಿನ್ನನ್ನು ಟ್ರ್ಯಾಕ್ಟರ್ ಮೇಲೆ ನಿಲ್ಲಿಸಿ ಗುಲಾಲು ಎರಚಿದ್ದು ನೆನಪಾಯಿತು. ಆಗಲೂ ನೀನು ನಗುತ್ತಿರಲಿಲ್ಲ. ಗುಲಾಲು ಕಣ್ಣಿಗೆ ಬಿದ್ದಿದೆ ಅಂತ ನಾನು ಅಂದುಕೊಂಡಿದ್ದೆ.

ನಿಜ ಬರೆ. ಬೈಯುವುದಿಲ್ಲ.

ವೈನಿ


ಲಾತೂರ
೨೩ ಜುಲೈ

ವೈನಿ,

ಡಬ್ಬಿಯನ್ನು ನನ್ನ ಕೋಣೆಯ ವಿಶ್ವಂಭರ ತಿನ್ನುತ್ತಾನೆ. ಬೀಡ ಜಿಲ್ಲೆಯ ಹುಡುಗ, ಅವನಿಗೆ ಮನೆಯಿಂದ ಡಬ್ಬಿ ಬರುವುದಿಲ್ಲ. ಉಪ್ಪಿಲ್ಲದ್ದನ್ನೂ ತಿಂದ. "ನಿಮ್ಮ ವೈನಿಗೆ ಬಿ.ಪಿ. ಐತೇನೋ?" ಎಂದು ಕೇಳಿದ. ನಾನು ಒಂದು ರೊಟ್ಟಿ ಮುರಿಯುತ್ತೇನೆ. ಅದು ಬಾಯಲ್ಲಿ ಸುತ್ತುತ್ತದೆ, ಇಳಿಯುವುದಿಲ್ಲ. ದಯವಿಟ್ಟು ಆಯಿಗೆ ಹೇಳಬೇಡಿ.

ಕೇಳಿದ್ದೀರಿ, ಬರೆಯುತ್ತೇನೆ. ಕೋರ್ಟಿನಲ್ಲಿ ಏನೂ ಇಲ್ಲ ವೈನಿ. ಊರು ಗುಲಾಲು ಎರಚಿದ್ದು ತಾತ್ಕಾಲಿಕ ಪಟ್ಟಿ ನೋಡಿ. ನಾಲ್ಕು ತಿಂಗಳ ಮೇಲೆ ಕೊನೆಯ ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿಲ್ಲ. ಎರಡು ಅಂಕ ಕಡಿಮೆ. ಅವತ್ತೇ ಅಣ್ಣನಿಗೆ, ನಮ್ಮ ದಾದಾನಿಗೆ, ಫೋನ್ ಮಾಡಿ ಹೇಳಿದೆ. "ಯಾರಿಗೂ ಹೇಳಬ್ಯಾಡ, ಕೋರ್ಟಿನಾಗ ಐತಿ ಅಂತೀನಿ, ಮುಂದಿನ ಸಲ ಆಗೇ ಆಗ್ತದ" ಅಂದ. ಮುಂದಿನ ಸಲ ಆಗಲಿಲ್ಲ. ಅದರ ಮುಂದಿನ ಸಲ ಪರೀಕ್ಷೆಯೇ ಮುಂದಕ್ಕೆ ಹೋಯಿತು. ನಾನು ಫೌಜದಾರ ಅಲ್ಲ. ಊರಿಗೆ ಬಂದು ಮತ್ತೇನಾಗಿ ನಿಲ್ಲಲಿ?

ಇಲ್ಲಿ ನಾನೊಬ್ಬನೇ ಹೀಗೆ ಎಂದು ತಿಳಿಯಬೇಡಿ. ನೂರಿಪ್ಪತ್ತು ಖುರ್ಚಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಪ್ಪತ್ತೈದು ದಾಟಿದವರು. ಕೆಲವರು ಮೂವತ್ತರ ಹತ್ತಿರ. ಆರು ನೂರು ಜಾಗಕ್ಕೆ ಲಕ್ಷಗಟ್ಟಲೆ ಅರ್ಜಿ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಪ್ರತಿಯೊಬ್ಬನ ಊರಿಗೂ ಅವನೊಬ್ಬನೇ ಓದುತ್ತಿರುವವನು. ಮದುವೆಯಾದ ತಂಗಿಯರು, ಮಕ್ಕಳಾದ ಗೆಳೆಯರು, ಎಲ್ಲರೂ ಮುಂದೆ ಹೋದರು. ನಾವು ಮಾತ್ರ ಶಾಲೆಯ ಹುಡುಗರ ಹಾಗೆ ಮನೆಯ ಡಬ್ಬಿ ಕಾಯುತ್ತೇವೆ. ನಿಜ ಹೇಳಿದರೆ ಡಬ್ಬಿ ನಿಲ್ಲುತ್ತದೆ ಎಂಬ ಭಯ ಯಾರಿಗೂ ಇಲ್ಲ. ಹೇಳಿದ ಮೇಲೂ ಬರುತ್ತಲೇ ಇರುತ್ತದೆ. ಭಯ ಅದೇ.

ಹೋದ ತಿಂಗಳು ನಲವತ್ತೆರಡನೆಯ ಖುರ್ಚಿಯವನು ಬರಲಿಲ್ಲ. ಮೂರು ದಿನ ಬರಲಿಲ್ಲ. ಆಮೇಲೆ ಅವನ ಅಪ್ಪ ಬಂದು ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಯಾರೂ ಏನೂ ಕೇಳಲಿಲ್ಲ, ಮಾತಾಡುವಂತಿಲ್ಲವಲ್ಲ. ಮಧ್ಯಾಹ್ನಕ್ಕೆ ಆ ಖುರ್ಚಿಗೆ ಹೊಸಬ ಬಂದ. ನಾನು ಅಂದಿನಿಂದ ಒಂದೇ ಪುಟ ತೆರೆದು ಕೂತಿದ್ದೇನೆ. ಪುಟ ಇನ್ನೂರ ಆರು. ಅದರಲ್ಲಿ ಏನಿದೆ ಎಂದು ಕೇಳಿದರೆ ಹೇಳಲಾರೆ.

ಅಂಗದ


ತಾಂಬರವಾಡಿ
೨ ಆಗಸ್ಟ್

ಅಂಗದ,

ನಿನ್ನ ಕಾಗದವನ್ನು ಅಕ್ಕಿ ಡಬ್ಬದಲ್ಲಿ ಇಟ್ಟು ಮೂರು ಸಲ ತೆಗೆದು ಓದಿದೆ. ನಲವತ್ತೆರಡನೆಯ ಖುರ್ಚಿಯ ಹುಡುಗ ಎಲ್ಲಿಗೆ ಹೋದ ಎಂದು ನೀನು ಬರೆದಿಲ್ಲ. ನಾನು ಕೇಳುವುದೂ ಇಲ್ಲ. 

ವೆಲ್ಡಿಂಗ್ ಅಂಗಡಿಗೇ ಹೋಗಿ ನಿನ್ನ ಅಣ್ಣನನ್ನು ಕೇಳಿದೆ. "ಪಟ್ಟಿಯಾಗ ಹೆಸರಿಲ್ಲಂತ. ನಿಮಗ ಗೊತ್ತಿತ್ತಂತ. ಖರೆ ಏನು?" ಅವರು ಮುಖಕ್ಕೆ ಗಾಜಿನ ಮರೆ ಇಳಿಸಿಕೊಂಡು ವೆಲ್ಡಿಂಗ್ ಹಚ್ಚಿದರು. ಆ ಗೇಟಿನ ಬೆಸುಗೆ ಆಗಲೇ ಮುಗಿದಿತ್ತು. ಸುಮ್ಮನೆ ಅದರ ಮೇಲೆಯೇ ಕಿಡಿ ಹಾರಿಸುತ್ತ ನಿಂತರು. ನಾನು ಬಂದುಬಿಟ್ಟೆ.

ನಿನ್ನೆ ಆರೋಗ್ಯ ಕೇಂದ್ರಕ್ಕೆ ಹೋಗಿ ನಿನ್ನ ಹೆಸರಿಗೆ ಒಂದು ಫಾರ್ಮು ತುಂಬಬೇಕೆಂದು ಸಿಸ್ಟರ್‌ಗೆ ಹೇಳಿದೆ.

"ವಯಸ್ಸೆಷ್ಟು?"

"ಇಪ್ಪತ್ತೇಳು."

"ಈ ಕಂಪ್ಯೂಟರ್ ತಗೊಳ್ಳೂದಿಲ್ಲ ನೋಡ. ಮೂವತ್ತಾಗ್ಲಿ, ಆಮ್ಯಾಲೆ ತುಂಬೂಣು."

"ಅಲ್ಲೀತನಕಾ?"

"ಅಲ್ಲೀತನಕಾ ಅವಗೇನ ಆಗ್ತದ ಸುವರ್ಣಾ? ಗುಂಡಕಲ್ಲಿನಂಥಾ ಹುಡುಗ!"

ನಿನ್ನ ಹುಟ್ಟಿದ ವರ್ಷ ಹಾಕಿದ ಕೂಡಲೇ ಕಂಪ್ಯೂಟರ್ ಕೆಂಪು ಗೆರೆ ತೋರಿಸಿತು. ಮನೆಗೆ ಬರುವ ದಾರಿಯಲ್ಲಿ ಎಣಿಸಿದೆ. ನನ್ನ ಮನೆಗಳಲ್ಲಿ ಇಪ್ಪತ್ತರಿಂದ ಮೂವತ್ತರೊಳಗಿನವರು ತೊಂಬತ್ತಾರು ಜನ. ಒಬ್ಬರಿಗೂ ಫಾರ್ಮಿಲ್ಲ. ಇರುವವರಿಗೂ ನಾನು ಕೇಳದೆ ಸೊನ್ನೆ ಬರೆದಿದ್ದೇನೆ.

ಅದಕ್ಕೇ ಎರಡು ಪ್ರಶ್ನೆಗಳನ್ನು ನನ್ನ ಕೈಯಿಂದ ಬರೆದು ಇದರ ಜೊತೆ ಇಟ್ಟಿದ್ದೇನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ನೀನೇ ಅಂಕಿ ಬರೆ. ಒಟ್ಟು ಮೂರು ದಾಟಿದರೆ ದವಾಖಾನೆಗೆ ಕಳಿಸಬೇಕು ಅನ್ನುವುದು ನಿಯಮ. ನನ್ನ ಮುಖ ನೋಡಿ ಬರೆಯಬೇಡ. ಪರೀಕ್ಷೆಯಲ್ಲ ಇದು.

ವೈನಿ


ಲಾತೂರ
೭ ಆಗಸ್ಟ್

ವೈನಿ,

ಮೊದಲನೆಯದಕ್ಕೆ ಮೂರು. ಎರಡನೆಯದಕ್ಕೆ ಮೂರು.

ಇದರ ಮುಂದೆ ಇನ್ನೂ ದೊಡ್ಡ ಫಾರ್ಮು ಇರುತ್ತದೆ, ಅದರಲ್ಲಿ ಒಂಬತ್ತು ಪ್ರಶ್ನೆ ಎಂದು ಗೊತ್ತಾಯಿತು. ಹುಡುಕಿ ಓದಿದೆ. ಒಂಬತ್ತನೆಯದು ಬದುಕುವ ಆಸೆಯ ಬಗ್ಗೆ, ಅದಕ್ಕೂ ಉತ್ತರ ಬರೆದಿದ್ದೆ. ಆಮೇಲೆ ಹರಿದು ಹಾಕಿದೆ.

ನಾಳೆಯಿಂದ ಡಬ್ಬಿ ಕಳಿಸಬೇಡಿ. ಆಯಿಯ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿರಿ.

ಅಂಗದ


(ಕೋಣೆಯ ಬಾಗಿಲ ಕೆಳಗೆ ಅರ್ಧ ತೂರಿಸಿ, ಮತ್ತೆ ಮತ್ತೆ ಎಳೆದು ಬರೆದ ಚೀಟಿ)

ಲಾತೂರ
೮ ಆಗಸ್ಟ್, ಬೆಳಿಗ್ಗೆ ೯.೪೦

ಅಂಗದ, ನಾನು ಬಂದಿದ್ದೇನೆ. ಡಬ್ಬಿಯ ಜೊತೆ ಏಳರ ಬಸ್ಸಿಗೇ ಬಂದೆ. ನಿನ್ನ ಕೋಣೆಗೆ ಬೀಗ ಇದೆ. ಫೋನು ಬಂದ್ ಆಗಿದೆ. ಕೆಳಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.

೧೦.೩೦. ಅಭ್ಯಾಸಿಕೆಗೆ ಹೋಗಿ ಬಂದೆ. ನಲವತ್ತೊಂದನೆಯ ಖುರ್ಚಿ ಖಾಲಿ. ಪುಸ್ತಕ ತೆರೆದೇ ಇತ್ತು. ಪುಟ ಇನ್ನೂರ ಆರು. ವಿಶ್ವಂಭರ ಎದ್ದು ಹೊರಗೆ ಬಂದ. "ಬೆಳಿಗ್ಗೆ ಆರಕ್ಕ ಎದ್ದು ಹ್ವಾದಾ ವೈನಿ. ಸ್ನಾನಾ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಹ್ವಾದಾ. ಎಲ್ಲಿಗಂತ ಕೇಳಬೇಕಿತ್ತು, ನಾ ಕೇಳಲಿಲ್ಲ" ಎಂದು ಹೇಳಿ ಅಳತೊಡಗಿದ. ಅವನಿಗೆ ಚಹಾ ಕುಡಿಸಿ, ಅವನ ಸೈಕಲ್ ಮೇಲೆ ಹುಡುಕಲು ಕಳಿಸಿದ್ದೇನೆ.

೧೧.೪೫. ನಿನ್ನ ಅಣ್ಣನಿಗೆ ಫೋನ್ ಮಾಡಿದೆ. ಈ ಸಲ ಅವರು ಸ್ಪೀಕರ್ ಹಾಕಲಿಲ್ಲ. ಅಂಗಡಿಯ ಬಾಗಿಲು ಎಳೆದು ಹೊರಟಿದ್ದಾರೆ.

೧೨.೫೦. ಚೌಕಿಯ ಪೊಲೀಸಪ್ಪ "ಎಷ್ಟು ತಾಸಿನಿಂದ ಇಲ್ಲ?" ಅಂದ. ಆರೂವರೆ ತಾಸು ಅಂದೆ. "ಬಾಯಿ, ವಯಸ್ಸಿಗೆ ಬಂದಾಂವಾ, ಸಿನಿಮಾಕ್ಕ ಹೋಗಿರಬೇಕು" ಅಂದ. ನಾನು ನಿನ್ನ ಕಾಗದ ತೋರಿಸಿದೆ. ಆಗ ಟೋಪಿ ಹಾಕಿಕೊಂಡು ಎದ್ದ.

ನೀನು ಇದನ್ನು ಓದುತ್ತಿದ್ದರೆ ಕೆಳಗೆ ಬಾ. ಏನೂ ಹೇಳಬೇಕಾಗಿಲ್ಲ. ಡಬ್ಬಿ ತೆರೆಯಬೇಕಾಗಿಯೂ ಇಲ್ಲ. ಸುಮ್ಮನೆ ಕೆಳಗೆ ಬಾ.

ವೈನಿ


ಲಾತೂರ
೨೧ ಆಗಸ್ಟ್

ವೈನಿ,

ಅವತ್ತು ನಾನು ಎಲ್ಲಿದ್ದೆ ಎಂದು ನೀವು ಈವರೆಗೂ ಕೇಳಿಲ್ಲ. ಬಸ್ ಸ್ಟ್ಯಾಂಡಿನಲ್ಲಿದ್ದೆ. ಮುಂದೆ ಎಲ್ಲಿಗೆ ಹೋಗಬೇಕೆಂದು ಹೊರಟಿದ್ದೆನೋ ಅದನ್ನು ದವಾಖಾನೆಯ ಡಾಕ್ಟರಮ್ಮನಿಗೆ ಹೇಳಿದ್ದೇನೆ, ಇಲ್ಲಿ ಬರೆಯಲಾರೆ. ಊರಿನ ಏಳರ ಬಸ್ಸು ಒಂಬತ್ತಕ್ಕೆ ಬಂತು. ಘೋಡಕೆ ಡಬ್ಬಿ ಹಿಡಿದು ಇಳಿಯುತ್ತಾನೆ ಎಂದು ನೋಡುತ್ತಿದ್ದೆ, ನೀವು ಇಳಿದಿರಿ. ಎಡಗಾಲಿನ ಚಪ್ಪಲಿಯ ಪಟ್ಟಿ ಹರಿದಿತ್ತು, ಕಾಲು ಎಳೆದುಕೊಂಡು ನಡೆದಿರಿ. ನಾನು ಕಂಬದ ಹಿಂದೆ ನಿಂತೆ. ನೀವು ಹೋದ ಮೇಲೂ ಮೂರೂವರೆ ತಾಸು ಅಲ್ಲೇ ಕೂತಿದ್ದೆ. ಹೊರಡಬೇಕೆಂದು ಏಳುತ್ತಿದ್ದೆ, ನೀವು ಮೆಟ್ಟಿಲ ಮೇಲೆ ಕೂತಿರುತ್ತೀರಿ ಎಂದು ಮತ್ತೆ ಕೂರುತ್ತಿದ್ದೆ. ಕೊನೆಗೆ ಕೋಣೆಯ ಕಡೆ ನಡೆದೆ. ಅಷ್ಟೇ. ದೊಡ್ಡದೇನೂ ಆಗಲಿಲ್ಲ.

ಸರಕಾರಿ ದವಾಖಾನೆಗೆ ಶನಿವಾರ ಎರಡನೆಯ ಸಲ ಹೋಗಿ ಬಂದೆವು. ಮನಸ್ಸಿನ ಡಾಕ್ಟರರ ಸಾಲಿನಲ್ಲಿ ಹನ್ನೊಂದು ಜನ, ಏಳು ಮಂದಿ ನನ್ನ ವಯಸ್ಸಿನವರು. ಒಬ್ಬ ನಮ್ಮ ಅಭ್ಯಾಸಿಕೆಯವನೇ, ಎಪ್ಪತ್ತನೆಯ ಖುರ್ಚಿ. ನನ್ನನ್ನು ನೋಡಿ, "ಹಲ್ಲಿನ ಡಾಕ್ಟರ್ ಕಡೆ ಬಂದಿದ್ದೆ, ಸಾಲು ತಪ್ಪೇತಿ" ಅಂದ. "ನಾನೂ ಹಲ್ಲಿಗೇ" ಅಂದೆ. ಇಬ್ಬರೂ ಅದೇ ಸಾಲಿನಲ್ಲಿ ಒಂದೂವರೆ ತಾಸು ಕೂತೆವು.

ಮಾತ್ರೆ ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕಂತೆ. ಅಲ್ಲಿಯ ತನಕ ಒಬ್ಬನೇ ಇರಕೂಡದು. ಮಾತ್ರೆಯೂ ದಾದಾನ ಜೇಬಿನಲ್ಲೇ ಇರುತ್ತದೆ. ಊರಿಗೆ ಕರೆದುಕೊಂಡು ಹೋಗುತ್ತೇನೆಂದು ಅವನು ಹಟ ಹಿಡಿದಿದ್ದ. ನಾನು ಆಗುವುದಿಲ್ಲ ಅಂದೆ. ಹಾಗಾದರೆ ನಾನೇ ಇಲ್ಲಿರುತ್ತೇನೆ ಅಂದ. ಹದಿಮೂರು ದಿನವಾಯಿತು. ಅವನ ಗೊರಕೆಗೆ ವಿಶ್ವಂಭರ ಹಾಸಿಗೆ ಎತ್ತಿಕೊಂಡು ಮಾಳಿಗೆಗೆ ಹೋಗಿದ್ದಾನೆ. ದಾದಾ ಸುಮ್ಮನೆ ಕೂರಲಾರ. ಅಭ್ಯಾಸಿಕೆಯ ಮುರಿದ ಖುರ್ಚಿಗಳನ್ನೆಲ್ಲ ಬೆಸೆದುಕೊಟ್ಟ. ಇಪ್ಪತ್ತಾರು ಖುರ್ಚಿ.

ಮೊನ್ನೆ ಮಧ್ಯಾಹ್ನ ನೆಲದ ಮೇಲೆ ಕೂತು ರೊಟ್ಟಿ ಮುರಿಯುತ್ತ ಇದ್ದಕ್ಕಿದ್ದಂತೆ ಅಂದ: "ಆ ಸುಳ್ಳು ನಿನ್ನ ಸಲುವಾಗಿ ಹೇಳಿದ್ದಲ್ಲೋ ಅಂಗದ. ಟ್ರ್ಯಾಕ್ಟರ್ ಮುಂದ ಕುಣದಾಂವ ನಾನು. ಮಂದಿ ನನ್ನ ನೋಡಿ ನಗ್ತಾರಂತ ಹೇಳಿದೆ." ಆಮೇಲೆ ಬಹಳ ಹೊತ್ತು ಶೇಂಗಾ ಚಟ್ನಿಯನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸುತ್ತ ಕೂತ. ನಾನು "ಚೊಲೋ ಕುಣದಿದ್ದಿ" ಅಂದೆ. ಅವನು ಮುಖ ಆ ಕಡೆ ತಿರುಗಿಸಿದ.

ಅರ್ಧ ರೊಟ್ಟಿ ಇಳಿಯುತ್ತಿದೆ. ಅದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತದೆ.

ಅಂಗದ


ತಾಂಬರವಾಡಿ
೨೯ ಆಗಸ್ಟ್

ಅಂಗದ,

ಆಯಿಗೆ ಎಲ್ಲ ಹೇಳಿದೆ. ಕೇಳಿ ಗೋಡೆಗೆ ಒರಗಿ ಕೂತಳು. "ಎರಡು ವರ್ಷ ನಾ ಅವನ್ನ ಫೌಜದಾರ ಅಂದೆನಲ್ಲೇ" ಅಂದಳು. ಸಂಜೆ ಶಕುಂತಲಾಬಾಯಿ ಗೋಡೆಯಾಚೆಯಿಂದ "ಸಾಹೇಬ್ರು ಹ್ಯಾಂಗದಾರ್ರಿ?" ಅಂದಾಗ, "ಸಾಹೇಬನೂ ಅಲ್ಲ ಗೀಹೇಬನೂ ಅಲ್ಲ, ನನ್ನ ಮಗಗ ಆರಾಮಿಲ್ಲ" ಎಂದು ಊರಿಗೇ ಕೇಳುವಂತೆ ಕೂಗಿದಳು. ಮರುದಿನ ಮೂವರು ಹೆಂಗಸರು ನಮ್ಮ ಮನೆಗೆ ಬಂದರು. ಆಡಿಕೊಳ್ಳಲು ಬಂದರೆಂದು ತಿಳಿದೆ. ಒಬ್ಬಳು ನನ್ನನ್ನು ಒಳಗೆ ಕರೆದು, "ನಮ್ಮ ಹುಡುಗನೂ ಪುಣೆಯೊಳಗ ಫೋನ್ ಎತ್ತಾಕತ್ತಿಲ್ಲ. ಅದು ಯಾವ ದವಾಖಾನಿ?" ಎಂದು ಕೇಳಿದಳು.

ಈಗ ನನಗೆ ಮೊದಲಿಗಿಂತ ಹೆಚ್ಚು ಭಯ. ಮೊದಲು ನೀನೊಬ್ಬನೇ ಇದ್ದೆ, ಈಗ ಪ್ರತಿ ಬಾಗಿಲ ಮುಂದೆ ನಿಂತಾಗಲೂ ಒಳಗೆ ಯಾರಿದ್ದಾರೋ ಅನ್ನಿಸುತ್ತದೆ. ಹಳೆಯ ಫಾರ್ಮುಗಳನ್ನು ಮತ್ತೆ ಮೊದಲಿನಿಂದ ಕೇಳುತ್ತಿದ್ದೇನೆ. ಇಲ್ಲಿಯ ತನಕ ನಲವತ್ತು ಮನೆ ಆಗಿದೆ. ಗಂಗೂಬಾಯಿಯದು ಐದು.

ಒಂದು ಮಾತು ಉಳಿದಿದೆ. ತರಬೇತಿಯಲ್ಲಿ ನಮಗೆ ಹೇಳಿದ್ದರು, ನೇರವಾಗಿ ಕೇಳಬೇಕು, ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಎಂಬುದು ಸುಳ್ಳು ಎಂದು. ನಾನು ಬರೆದುಕೊಂಡಿದ್ದೆ. ಆದರೆ ಅವತ್ತು ನೀನು ಮೆಟ್ಟಿಲ ಹತ್ತಿರ ಬಂದು ನಿಂತಾಗ ಕೇಳಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ನಿನ್ನ ಪಕ್ಕದಲ್ಲಿ ಕೂತಾಗಲೂ ಕೇಳಲಿಲ್ಲ. ಹತ್ತು ಸಲ ಬಾಯಿಗೆ ಬಂತು. ಹತ್ತು ಸಲವೂ "ಚಹಾ ಕುಡೀತೀ?" ಅಂದೆ. ನೀನು ಹತ್ತು ಸಲವೂ ಬೇಡ ಅಂದೆ.

ಈಗ ಬರೆಯುತ್ತಿದ್ದೇನೆ. ಎರಡು ಕಾಗದ ಹರಿದು ಹಾಕಿ, ಇದು ಮೂರನೆಯದು.

ಅಂಗದ, ಸಾಯಬೇಕು ಅನ್ನಿಸುತ್ತದೆಯೇ?

ವೈನಿ


ಲಾತೂರ
೩೦ ಆಗಸ್ಟ್

ವೈನಿ,

ಇವತ್ತು ಇಲ್ಲ. ಮೊನ್ನೆ ರಾತ್ರಿ ಅನ್ನಿಸಿತ್ತು. ದಾದಾನನ್ನು ಎಬ್ಬಿಸಿ ಹೇಳಿದೆ. ಅವನು ಎದ್ದು ಚಪ್ಪಲಿ ಹಾಕಿಕೊಂಡ, ಇಬ್ಬರೂ ನಡೆದೆವು. ಊರೆಲ್ಲ ಸುತ್ತಿ ಬಂದೆವು.

ನಾಳೆಯದು ನನಗೆ ಗೊತ್ತಿಲ್ಲ. ನಾಳೆ ಮತ್ತೆ ಕೇಳಿ.

ಅಂಗದ